ಒತ್ತಿದಾಗ ನಕ್ಕರು

ಬಚ್ಚಲಿನ ನಲ್ಲಿಯನ್ನು ಯಾರೋ ವಿಪರೀತ ಬಿಗಿದಿದ್ದರು. ಯಾರೋ ಏನು, ತಾನೇ. ಹನಿ ನೀರೂ ಪೋಲಾಗಬಾರದೆಂದು ನಿನ್ನೆ ಸಂಜೆ ಎಡಗೈಯಿಂದ ಒತ್ತಿ ತಿರುಗಿಸಿದ್ದು ಅನಂತರಾಜನಿಗೆ ನೆನಪಾಯಿತು. ಈಗ ಮರೆತು ಬಲಗೈ ಹಾಕಿದ. ಮೊಣಕೈಯ ಹೊರಮಗ್ಗುಲಲ್ಲಿ, ಎಲುಬು ಉಬ್ಬಿದಲ್ಲಿಂದ ಒಂದು ಬೆರಳು ಕೆಳಗೆ, ಅದೇ ಜಾಗದಲ್ಲಿ ನೋವು ಎದ್ದಿತು. ಎದ್ದು ಮಣಿಕಟ್ಟಿನವರೆಗೆ ನಡೆದು ಬಂದು, ಹಿಡಿದದ್ದನ್ನು ಬಿಡು ಎಂದಿತು. ಬಿಟ್ಟ. ಬಾಯಲ್ಲಿ ಪೇಸ್ಟಿನ ನೊರೆ ತುಂಬಿತ್ತು, ಹೆಂಡತಿಯನ್ನು ಕರೆಯುವಂತಿರಲಿಲ್ಲ. ಕರೆಯಬಹುದಾಗಿದ್ದರೂ ಕರೆಯುತ್ತಿರಲಿಲ್ಲವೇನೋ. ಜ್ವಾಲಾಮಾಲಿನಿ ತಾನಾಗಿಯೇ ಬಂದಳು. ಅವನು ನಲ್ಲಿಯ ಕಡೆ ಗಲ್ಲ ಚಾಚಿ ತೋರಿಸಿದ. ಅವಳು ಎರಡೇ ಬೆರಳಿನಲ್ಲಿ ತಿರುವಿದಳು, ನೀರು ಬಂತು. "ಎಲ್ರೀ ಬಿಗಿಯಾಗಿದೆ?" ಎಂದಳು. ಅವಳು ಚುಚ್ಚಲು ಹೇಳಿದ್ದಲ್ಲ. ನಲ್ಲಿಯ ಬಗ್ಗೆಯೇ ಕೇಳಿದ್ದು. ಆದರೂ ಆ 'ಎಲ್ಲಿ' ಎಂಬುದು ಅವನೊಳಗೆ ಬೇರೊಂದು ಜಾಗಕ್ಕೆ ಹೋಗಿ ಬಿತ್ತು. ಮೂರು ವರ್ಷದ ಹಿಂದೆ ಇಪ್ಪತ್ತು ಜನರ ಮುಂದೆ, ಎಲ್ಲಿ ಬಾವು, ತೋರಿಸಿ, ಎಂದು ಕೇಳಿದವನು ತಾನೇ ಆಗಿದ್ದ.

"ಸಾಗರದಲ್ಲಿ ಡಾಕ್ಟ್ರೇ ಇಲ್ವಾ? ಇದಕ್ಕೆ ತೀರ್ಥಹಳ್ಳಿಗೇ ಹೋಗ್ಬೇಕಾ?" ಜ್ವಾಲಾಮಾಲಿನಿ ಅವನ ಅಂಗಿಯ ಗುಂಡಿ ಹಾಕುತ್ತಾ ಕೇಳಿದಳು. ಬೇಡ ಅಂದಿದ್ದ, ಆದರೂ ಹಾಕುತ್ತಿದ್ದಳು.

"ಅವರು ಒಳ್ಳೆಯವರಂತೆ."

"ಎಲ್ರೂ ಒಳ್ಳೆಯವರೇ," ಎಂದಳು, ಕೊನೆಯ ಗುಂಡಿ ಹಾಕಿ ಕಾಲರನ್ನು ಸರಿಮಾಡಿ. "ಕತ್ತಲಾಗೋದ್ರೊಳಗೆ ಊಟಕ್ಕೆ ಬರ್ತೀರಾ, ಇಲ್ಲ ಇವತ್ತು ಉಪವಾಸಾನಾ?" ಜೈನರ ಮನೆ, ಹೊತ್ತು ಮುಳುಗಿದ ಮೇಲೆ ಉಣ್ಣುವಂತಿರಲಿಲ್ಲ.

ನಿಜ ಹೇಳಬೇಕೆಂದರೆ, ಸಾಗರದಲ್ಲಿ ಯಾವ ಡಾಕ್ಟರ ಬಳಿ ಹೋದರೂ ಹೊರಗಿನ ಬೆಂಚಿನ ಮೇಲೆ ಸಂಘದ ಸದಸ್ಯರೊಬ್ಬರಾದರೂ ಇರುತ್ತಾರೆ ಎಂಬುದು ಅವನ ಭಯ. ಸಂಘವೆಂದರೆ ಗಂಧದ ಕೆತ್ತನೆಯವರ ಸಹಕಾರ ಸಂಘ. ಇಪ್ಪತ್ತೆಂಟು ವರ್ಷದಿಂದ ಅವನು ಅಲ್ಲಿ ಕಾರ್ಯದರ್ಶಿ. ಕಾರ್ಯದರ್ಶಿಗೂ ಮೊಣಕೈ ನೋವಂತೆ ಎಂದು ಸುದ್ದಿಯಾದರೆ ಕೆತ್ತನೆಯ ಶೆಡ್ಡಿನಲ್ಲಿ ಚಾಪೆ ಹಾಕಿ ಕೂತವರು ಉಳಿ ನಿಲ್ಲಿಸಿ ತಲೆಯೆತ್ತಿ ನೋಡುವುದನ್ನು ಅವನು ಊಹಿಸಿಕೊಳ್ಳಬಲ್ಲವನಾಗಿದ್ದ. ಯಾರೂ ಏನೂ ಅನ್ನುವುದಿಲ್ಲ. ನೋಡಿ, ಮತ್ತೆ ತಲೆತಗ್ಗಿಸಿ ಕೆತ್ತುತ್ತಾರೆ. ಕಿಟಕಿಯ ಪಕ್ಕದ ಒಂದು ಚಾಪೆ ಮಾತ್ರ ಮೂರು ವರ್ಷದಿಂದ ಸುರುಳಿ ಸುತ್ತಿ ಗೋಡೆಗೆ ಒರಗಿಕೊಂಡಿರುವುದು ಅವರಿಗೂ ಗೊತ್ತು, ಅವನಿಗೂ ಗೊತ್ತು.

ಬಸ್ಸಿನಲ್ಲಿ ಜಾಗವಿರಲಿಲ್ಲ. ಎಡ ಹೆಗಲಿಗೆ ಚೀಲ ಹಾಕಿಕೊಂಡು, ಬಲಗೈಯನ್ನು ಹೊಟ್ಟೆಗೆ ಆನಿಸಿಕೊಂಡು ನಿಂತ. "ಮೇಲೆ ಹಿಡ್ಕಳಿ ಯಜಮಾನ್ರೆ, ಬ್ರೇಕ್ ಹಾಕಿದ್ರೆ ನನ್ ಮೇಲೇ ಬರ್ತೀರಿ," ಎಂದ ಕಂಡಕ್ಟರು. ಹಿಡಿದ. ಬಸ್ಸು ತಿರುವಿನಲ್ಲಿ ವಾಲಿದಾಗ ಬೆರಳುಗಳು ತಾವಾಗಿಯೇ ಸಡಿಲಗೊಂಡು ಅವನು ನಿಜವಾಗಿಯೂ ಕಂಡಕ್ಟರ ಮೇಲೆ ಬಿದ್ದ. "ಹೇಳಿದ್ನಲ್ಲ," ಎಂದು ಕಂಡಕ್ಟರು ಉಳಿದವರ ಕಡೆ ನೋಡಿ ಹೇಳಿದ. ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳು ಎದ್ದು, "ಕೂತ್ಕಳಿ ಅಜ್ಜ," ಎಂದಳು. ಐವತ್ತನಾಲ್ಕಕ್ಕೆ ಅಜ್ಜ. ಬೇಡಮ್ಮಾ ಎನ್ನಬೇಕೆಂದುಕೊಂಡು ಕೂತುಬಿಟ್ಟ. ಕೂತಮೇಲೆ, ತನ್ನ ಕೈಗೆ ಏನಾಗಿದೆಯೆಂದು ಆ ಹುಡುಗಿಗೆ ವಿವರಿಸಬೇಕೆನ್ನಿಸಿತು. ಹೊರಗಿನಿಂದ ನೋಡಿದರೆ ಕೈ ಚೆನ್ನಾಗಿಯೇ ಇತ್ತಲ್ಲ. ಅಂಗಿಯ ತೋಳು ಮಡಚಿ ತಾನೇ ನೋಡಿಕೊಂಡ. ಕೆಂಪಿಲ್ಲ, ಊದಿಲ್ಲ. ಒಂದು ಬ್ಯಾಂಡೇಜಾದರೂ ಕಟ್ಟಿಕೊಂಡು ಬರಬೇಕಿತ್ತು.

ಚೀಲದಲ್ಲಿ ಎರಡು ಕಾಗದಗಳಿದ್ದವು. ಒಂದು, ಹೋದ ವಾರ ಶಿವಮೊಗ್ಗದಲ್ಲಿ ಮಾಡಿಸಿದ ಸ್ಕ್ಯಾನಿನ ವರದಿ. ಲಕೋಟೆಯ ಮೇಲೆ ಡಾಕ್ಟರಿಗೆ ಎಂದು ಬರೆದು ಅಂಟಿಸಿದ್ದರಿಂದ ಅವನು ಒಡೆದಿರಲಿಲ್ಲ. ತನ್ನದೇ ಮೊಣಕೈಯಾದರೂ ಇನ್ನೊಬ್ಬರ ಹೆಸರಿಗೆ ಬಂದ ಕಾಗದ ಅದು. ಇನ್ನೊಂದು, ಸೋಮವಾರದ ಸಭೆಗೆ ಅವನು ಸಿದ್ಧಪಡಿಸಬೇಕಾದ ಪಟ್ಟಿ. ಮೂರು ವರ್ಷ ಶೆಡ್ಡಿಗೆ ಬಾರದ ಸದಸ್ಯರ ಹೆಸರನ್ನು ತೆಗೆದುಹಾಕಬೇಕು ಎಂಬುದು ಸಂಘದ ನಿಯಮ. ಸ್ವಂತ ಇಚ್ಛೆಯಿಂದ ಬಿಟ್ಟಿದ್ದರೆ ಅಲ್ಲಿಗೆ ಮುಗಿಯಿತು. ಕಾಯಿಲೆಯಿಂದ ಬಿಟ್ಟಿದ್ದರೆ ಆ ಜಾಗ ಮಗನಿಗೋ ಮಗಳಿಗೋ ಹೋಗುತ್ತದೆ. ಹೆಸರು, ಕಾರಣ, ಆಧಾರ ಎಂದು ಮೂರು ಕಾಲಮ್ಮು. ನಾಲ್ಕು ಹೆಸರುಗಳಲ್ಲಿ ಮೂರಕ್ಕೆ ಬರೆದಾಗಿತ್ತು, ಇಬ್ಬರು ಬೇರೆ ಕೆಲಸಕ್ಕೆ ಹೋದವರು, ಒಬ್ಬರು ತೀರಿಕೊಂಡವರು. ನಾಲ್ಕನೆಯದು ಶಿವರಾಮ. ಅವನ ಮುಂದಿನ ಎರಡು ಕಾಲಮ್ಮು ಖಾಲಿ. ಶಿವರಾಮನ ಮಗಳು ಗಂಗಾ ಅಪ್ಪನ ಚಾಪೆಯ ಮೇಲೆ ತಾನು ಕೂರುತ್ತೇನೆಂದು ಅರ್ಜಿ ಕೊಟ್ಟು ನಾಲ್ಕು ತಿಂಗಳಾಗಿತ್ತು. ಗಂಧದ ಮರ ಸಿಗುವುದು ಸದಸ್ಯರಿಗೆ ಮಾತ್ರ. ಸದಸ್ಯತ್ವವಿಲ್ಲದಿದ್ದರೆ ಅವಳು ಎಷ್ಟೇ ಚೆನ್ನಾಗಿ ಕೆತ್ತಿದರೂ ಜೀವಮಾನವಿಡೀ ಯಾವುದೋ ಬಿಳಿ ಮರದಲ್ಲಿ ಕೀಚೈನು ಕೆತ್ತಿಕೊಂಡು ಇರಬೇಕು. ಅದು ಅನಂತರಾಜನ ಕೈಯ ಒಂದು ಶಬ್ದದ ಮೇಲೆ ನಿಂತಿತ್ತು. ಆದರೆ ಆ ಶಬ್ದವನ್ನು ಅವನು ಮೂರು ವರ್ಷದ ಹಿಂದೆಯೇ, ಬೇರೊಂದು ಪುಸ್ತಕದಲ್ಲಿ, ಬರೆದುಬಿಟ್ಟಿದ್ದ.

ಆವತ್ತು ಶಿವರಾಮ ಎರಡು ತಿಂಗಳಿನಿಂದ ನೋವು ನೋವು ಎಂದು ರಜೆ ಕೇಳುತ್ತಿದ್ದ. ದೊಡ್ಡದೊಂದು ಬಾಗಿಲವಾಡದ ಕೆಲಸ ಬಂದಿತ್ತು; ಬಳ್ಳಿ, ಹಂಸ, ಮೇಲೆ ಗಜಲಕ್ಷ್ಮಿ. ಗಜಲಕ್ಷ್ಮಿಯ ಮುಖ ಕೆತ್ತುವ ಕೈ ಶಿವರಾಮನದೊಂದೇ. ಸ್ಕ್ಯಾನಿನಲ್ಲಿ ಏನೂ ಇಲ್ಲ ಎಂದು ಬಂದಿತ್ತು. ಡಾಕ್ಟರ ಚೀಟಿಯಲ್ಲಿ ಟೆನಿಸ್ ಎಲ್ಬೋ ಎಂದು ಪ್ರಶ್ನೆಚಿಹ್ನೆ ಹಾಕಿ ಬರೆದದ್ದನ್ನು ಅಧ್ಯಕ್ಷರು ಗಟ್ಟಿಯಾಗಿ ಓದಿ, "ಎಂತ ಮಾರಾಯ, ಯಾವ ಕ್ಲಬ್ಬಲ್ಲಿ ಆಡ್ತೀಯ ನೀನು?" ಎಂದಾಗ ಇಡೀ ಶೆಡ್ಡು ನಕ್ಕಿತು. ಶಿವರಾಮನೂ ನಕ್ಕ. ಅಧ್ಯಕ್ಷರು ಕೆಟ್ಟವರಲ್ಲ. ಕಾರ್ಯದರ್ಶಿಗಳು ಒಂದ್ಸಲ ನೋಡಿ ಬರೆದುಕೊಳ್ಳಲಿ, ನಾಳೆ ಯಾರೂ ಮಾತಾಡಬಾರದು, ಎಂದರು. ಅನಂತರಾಜ ಪ್ರಥಮ ಚಿಕಿತ್ಸೆಯ ಪುಸ್ತಿಕೆ ತೆಗೆದು ಓದಿಕೊಂಡು ಬಂದ. ಬಾವು, ಕೆಂಪು, ಬಿಸಿ. ಶಿವರಾಮನ ಮೊಣಕೈಯ ಮೇಲೆ ಅಂಗೈಯಿಟ್ಟು ಬಿಸಿಯಿದೆಯೇ ಎಂದು ನೋಡಿದ. ಆಮೇಲೆ ಹೆಬ್ಬೆರಳಿನಿಂದ ಒತ್ತಿದ. ಸಂಜೆ ಕಾಲೇಜಿನಲ್ಲಿ ಆಡಿಟಿಂಗ್ ಹೇಳಿಕೊಡುತ್ತಿದ್ದ ಮೇಷ್ಟ್ರು, ಕಂಡದ್ದನ್ನು ಬರಿ, ಅಂದುಕೊಂಡದ್ದನ್ನು ಬರೀಬೇಡ, ಎನ್ನುತ್ತಿದ್ದರು. ಹಗಲೆಲ್ಲ ದಿನಸಿ ಅಂಗಡಿಯಲ್ಲಿ ಮೂಟೆ ಹೊತ್ತು, ನಿದ್ದೆಗಣ್ಣಿನಲ್ಲಿ ಕಲಿತ ಆ ವಿದ್ಯೆಯಲ್ಲಿ ಅವನಿಗೆ ಪೂರ್ತಿ ಅರ್ಥವಾಗಿದ್ದುದು ಈ ಒಂದೇ ಮಾತು, ಹಾಗಾಗಿ ಅದನ್ನು ಅವನು ಎಂದೂ ಮೀರಿರಲಿಲ್ಲ. ನಡಾವಳಿ ಪುಸ್ತಕದಲ್ಲಿ ಬರೆದ: ಮುಟ್ಟಿ ನೋಡಲಾಯಿತು. ಬಾವು, ಕೆಂಪು, ಬಿಸಿ ಕಂಡುಬಂದಿಲ್ಲ. ಒತ್ತಿದಾಗ ನಕ್ಕರು. ಕೊನೆಯ ವಾಕ್ಯ ಯಾರೂ ಕೇಳಿರಲಿಲ್ಲ. ಕಂಡಿದ್ದರಿಂದ ಬರೆದ. ಬರೆಯದಿದ್ದರೆ ಏನನ್ನೋ ಮುಚ್ಚಿಟ್ಟಂತಾಗುತ್ತದೆ ಎನ್ನಿಸಿತ್ತು.

ರಜೆ ಸಿಗಲಿಲ್ಲ. ಶಿವರಾಮ ಗಜಲಕ್ಷ್ಮಿಯ ಮುಖ ಮುಗಿಸಲು ನಾಲ್ಕು ತಿಂಗಳು ಕೂತ. ಮುಗಿಸಿದ ದಿನ ಕೊಡತಿ ಎತ್ತಿದ ಕೈ ಅರ್ಧಕ್ಕೇ ನಿಂತು ಉಳಿ ಜಾರಿತು. ಆನೆಯ ಸೊಂಡಿಲಿನ ಮೇಲೆ ಉಗುರಿನಷ್ಟು ಗೀರು. ಅದನ್ನು ಬಳ್ಳಿಯ ಚಿಗುರು ಮಾಡಿ ಮುಚ್ಚಿ, ಉಳಿಗಳನ್ನು ಬಟ್ಟೆಯಲ್ಲಿ ಸುತ್ತಿ, ಚಾಪೆ ಸುತ್ತಿ, ಮನೆಗೆ ಹೋದವನು ಮತ್ತೆ ಬರಲಿಲ್ಲ.

ಕಿಟಕಿಯ ಹೊರಗೆ ಮಳೆ ನಿಂತ ಮೇಲಿನ ಬೆಳಕು, ರಸ್ತೆಯಂಚಿನ ಹಸಿರು ಕಣ್ಣಿಗೆ ಹೊಡೆಯುವಷ್ಟು. ಲಕೋಟೆಯೊಳಗೆ ಏನಿರಬಹುದು? ಬಾವು ಇದೆ ಎಂದಿದ್ದರೆ, ನಿಜವಾದ ನೋವಿಗೆ ಬಾವು ಇರುತ್ತದೆ ಎಂದಾಯಿತು. ಹಾಗಾದರೆ ಶಿವರಾಮನಿಗೆ ಇಲ್ಲದಿದ್ದದ್ದು ಇಲ್ಲದಿದ್ದದ್ದೇ, ತಾನು ಬರೆದದ್ದು ಸರಿಯೇ. ಇಲ್ಲ ಎಂದಿದ್ದರೆ? ತನಗೆ ನೋವಿರುವುದು ತನಗೆ ಗೊತ್ತಿದೆಯಲ್ಲ. ಬಸ್ಸು ಹೊಸನಗರ ದಾಟಿ ಹುಂಚದ ಹತ್ತಿರ ಬಂದಾಗ ಅವನು ಪದ್ಮಾವತಿಯ ಬಸದಿಯ ದಿಕ್ಕಿಗೆ ಕೈ ಜೋಡಿಸಿದ; ಜೋಡಿಸಿ, ಕೇಳಿಕೊಳ್ಳುತ್ತಿರುವುದು ಏನೆಂದು ಹೊಳೆದು ಕೈ ಬಿಟ್ಟ. ತನ್ನ ಕೈ ಕೆಟ್ಟಿರಲಿ, ಚೆನ್ನಾಗಿ ಊದಿರಲಿ, ಎಂದು ಬೇಡಿಕೊಳ್ಳುತ್ತಿದ್ದ.

ತೀರ್ಥಹಳ್ಳಿಯ ಡಾಕ್ಟರ್ ವಿನಯಾ ಚಿಕ್ಕ ವಯಸ್ಸಿನವರು. ಮುಷ್ಟಿ ಹಿಡಿದು ಮಣಿಕಟ್ಟು ಮೇಲೆತ್ತಿ, ನಾನು ಕೆಳಗೆ ತಳ್ತೀನಿ, ಬಿಟ್ಟುಕೊಡಬೇಡಿ, ಎಂದರು. ಅವನು ತಕ್ಷಣ ಬಿಟ್ಟುಕೊಟ್ಟ. ಅಷ್ಟು ಬೇಗ ಬಿಟ್ಟುಕೊಟ್ಟದ್ದನ್ನು ಅವರು ನಾಟಕವೆಂದುಕೊಂಡರೇನೋ ಎಂದು ಮುಖ ನೋಡಿದ. ಅವರು ಲಕೋಟೆ ಒಡೆಯುತ್ತಿದ್ದರು.

"ಮೇಡಂ, ಒತ್ತಿ ನೋಡಲ್ವಾ?" ಎಂದ.

"ಯಾಕೆ? ನೋವಿದೆ ಅಂತ ನೀವೇ ಹೇಳ್ತಾ ಇದ್ದೀರಲ್ಲ."

ಇಷ್ಟು ಸರಳವಾದ ಮಾತು ಇಪ್ಪತ್ತು ಜನರಿದ್ದ ಆ ಶೆಡ್ಡಿನಲ್ಲಿ ಯಾರ ಬಾಯಿಂದಲೂ ಬರಲಿಲ್ಲವಲ್ಲ. ಇದಕ್ಕೆ ಎಂಬಿಬಿಎಸ್ ಬೇಕಿರಲಿಲ್ಲ, ಹಗಲು ಕಾಲೇಜೂ ಬೇಕಿರಲಿಲ್ಲ.

"ಬಾವೇನೂ ಇಲ್ಲ," ಎಂದರು ವರದಿ ಓದಿ.

"ಸ್ವಲ್ಪನೂ?"

"ಸ್ವಲ್ಪನೂ ಇಲ್ಲ. ಬೇಜಾರಾದ ಹಾಗಿದೆ ನಿಮಗೆ?" ಅವರು ನಕ್ಕರು. "ಇದರಲ್ಲಿ ಬಹಳ ದಿನ ಆದ್ಮೇಲೆ ಬಾವು ಇರಲ್ಲ. ಮೊದಲೆಲ್ಲ ಬಾವು ಅಂತಲೇ ತಿಳ್ಕೊಂಡಿದ್ರು. ಆ ಜಾಗದ ಚೂರು ತೆಗೆದು ನೋಡಿದ್ರೆ ಬಾವಿನ ಲಕ್ಷಣವೇ ಸರಿಯಾಗಿ ಸಿಗಲ್ಲ."

"ಹಾಗಾದ್ರೆ ನೋವು ಎಲ್ಲಿಂದ ಬರತ್ತೆ ಮೇಡಂ?"

ಅವರು ಚೀಟಿಯ ಹಿಂದೆ ಒಂದು ಚಿತ್ರ ಬರೆದರು. ಎಲುಬು, ಅದಕ್ಕೆ ಹಗ್ಗದಂತೆ ಬಿಗಿದ ಸ್ನಾಯುವಿನ ತುದಿ, ಹಗ್ಗದೊಳಗೆ ಕೂದಲಿನಂಥ ಗೆರೆಗಳು. "ಇವು ನರ. ನರ ಅಂದ್ರೆ ಸುದ್ದಿ ಒಯ್ಯೋ ತಂತಿ ಅಂತ ನಾವು ಅಂದ್ಕೊತೀವಿ. ಬರೀ ಒಯ್ಯಲ್ಲ ಅದು. ತುದಿಯಲ್ಲಿ ತಾನೇ ಒಂದು ಪದಾರ್ಥ ಒಸರತ್ತೆ, ನ್ಯೂರೋಪೆಪ್ಟೈಡ್ ಅಂತ. ಅದರಲ್ಲಿ ಒಂದರ ಹೆಸರು ಸಬ್‌ಸ್ಟೆನ್ಸ್ ಪಿ. ಅದು ಒಸರಿದ ಕಡೆ ಸಣ್ಣದಕ್ಕೂ ನೋವು ಏಳತ್ತೆ. ನೋವು ಎದ್ರೆ ನರ ಮತ್ತೆ ಒಸರತ್ತೆ. ಸುದ್ದಿ ತರೋನೇ ಗಲಾಟೆ ಎಬ್ಬಿಸಿದ ಹಾಗೆ. ಕೆಲವರಿಗೆ ಸುಮ್ಮನಿದ್ದ ಇನ್ನೊಂದು ಕೈಯಲ್ಲೂ ಶುರುವಾಗತ್ತೆ."

"ಪಿ ಅಂದ್ರೆ ಪೇನಾ?"

"ನಾವೂ ಕಾಲೇಜಲ್ಲಿ ಹಾಗೇ ಅಂದ್ಕೊಂಡಿದ್ವಿ. ಅಲ್ಲ, ಪೌಡರ್ ಅಂತ ಹೇಳ್ತಾರೆ. ಮೊದಲು ತೆಗೆದೋರಿಗೆ ಪುಡಿಯಾಗಿ ಸಿಕ್ಕಿತ್ತಂತೆ."

ಪುಡಿ. ಸಂಜೆ ಐದಕ್ಕೆ ಶೆಡ್ಡಿನಲ್ಲಿ ಉಳಿಗಳು ನಿಂತ ಮೇಲೆ ಚಾಪೆಗಳ ಸುತ್ತ ಬಿದ್ದಿರುವ ಗಂಧದ ಪುಡಿಯನ್ನು ಮೆದು ಪೊರಕೆಯಿಂದ ಒಂದೆಡೆ ಸೇರಿಸುತ್ತಾರೆ. ಎಷ್ಟು ಗುಡಿಸಿದರೂ ಅದು ಕಾಲಿನ ಬೆರಳ ಸಂದಿಯಲ್ಲಿ, ರೆಪ್ಪೆಯಲ್ಲಿ ಅಂಟಿಕೊಂಡು ಮನೆಗೆ ಬರುತ್ತದೆ. ಹುಂಚದಲ್ಲಿ ಒಮ್ಮೆ ಮುನಿಗಳೊಬ್ಬರು ಪ್ರವಚನದಲ್ಲಿ, ಕರ್ಮವೆಂದರೆ ಬರೀ ಮಾತಲ್ಲ, ಅದು ಕಣ್ಣಿಗೆ ಕಾಣದ ಸೂಕ್ಷ್ಮ ಧೂಳು, ಎಣ್ಣೆ ಮೈಗೆ ಧೂಳು ಹತ್ತುವ ಹಾಗೆ ಜೀವಕ್ಕೆ ಹತ್ತುತ್ತದೆ, ಅದರಲ್ಲಿ ನೋವನ್ನೇ ಉಣಿಸುವ ಒಂದು ಬಗೆಯಿದೆ, ಅಸಾತಾವೇದನೀಯ ಎಂದು ಅದರ ಹೆಸರು, ಎಂದಿದ್ದರು. ಇದನ್ನು ಅದಕ್ಕೆ ಜೋಡಿಸಬಹುದೇ? ಅರೆಬರೆ ಓದಿದವರು ಮಾಡುವ ಕೆಲಸ ಇದೇ, ಎಲ್ಲವನ್ನೂ ಎಲ್ಲದಕ್ಕೂ ಜೋಡಿಸುವುದು. ಅವನಿಗೆ ನಾಚಿಕೆಯಾಯಿತು.

"ಸ್ಕ್ಯಾನಲ್ಲಿ ಅದು ಕಾಣಲ್ವಾ?"

"ಕಾಣಲ್ಲ. ಮಾಮೂಲಿ ರಕ್ತ ಪರೀಕ್ಷೆಯಲ್ಲೂ ಕಾಣಲ್ಲ. ಭಾರ ಎತ್ತಬೇಡಿ, ಈ ವ್ಯಾಯಾಮ ಮಾಡಿ, ವರ್ಷದೊಳಗೆ ಬಹಳ ಜನರಿಗೆ ಕಡಿಮೆಯಾಗತ್ತೆ."

"ಭಾರದ ಕೆಲಸ ಬಿಡದೇ ಇದ್ರೆ? ಅಂದ್ರೆ, ನೋವಿಟ್ಕೊಂಡೇ ನಾಲ್ಕು ತಿಂಗಳು ಕೊಡತಿ ಹೊಡೆದ್ರೆ?"

"ಯಾರು ಹೊಡೀತಾರೆ? ನೀವಾ?"

"ಇನ್ನೊಬ್ಬರು. ಮೂರು ವರ್ಷದ ಹಿಂದೆ." ಅವನು ಮುಂದಕ್ಕೆ ಬಾಗಿದ. "ಅವರಿಗೆ ಹೀಗೇ ಇತ್ತು ಅಂತ ನೀವೊಂದು ಸಾಲು ಬರೆದುಕೊಟ್ರೆ, ಮೇಡಂ."

ಡಾಕ್ಟರು ಪೆನ್ನು ಮುಚ್ಚಿದರು. "ನಾನು ನೋಡದೇ ಇರೋದನ್ನ ಹ್ಯಾಗೆ ಬರೀಲಿ? ಕರ್ಕೊಂಡು ಬನ್ನಿ ಅವರನ್ನ."

"ಈಗ ನೋವು ಅಷ್ಟಿಲ್ವಂತೆ. ಕೆಲಸ ಬಿಟ್ಟಿದ್ದಾರೆ. ಹಿಡಿತ ಹೋಗಿದೆ."

"ಹಾಗಾದ್ರೆ ಈಗ ನೋಡಿ ಆಗಿನದು ಹೇಳಕ್ಕಾಗಲ್ಲ," ಎಂದರು, ಮೆತ್ತಗೆ. "ಕ್ಷಮಿಸಿ."

ಅದು ಅವನದೇ ಮಾತಾಗಿತ್ತು. ಕಂಡದ್ದನ್ನು ಬರಿ. ಎದುರಿಗಿದ್ದವರು ತನಗಿಂತ ಎಷ್ಟೋ ಹೆಚ್ಚು ಓದಿದವರು, ಅವರೂ ಅದನ್ನೇ ಹೇಳಿದರು. ಅವನು, ಸರಿ, ಅದು ಸರಿಯೇ, ಎಂದು ಎದ್ದ. ಬಾಗಿಲಿನ ಗುಂಡು ಹಿಡಿಕೆಯನ್ನು ತಿರುಗಿಸಲಾಗದೆ ನಿಂತಾಗ ಹಿಂದಿನಿಂದ ಡಾಕ್ಟರೇ ಬಂದು ತೆರೆದರು.

ತಿರುಗಿ ಬರುವ ಬಸ್ಸಿನಲ್ಲಿ ಕೂರಲು ಜಾಗ ಸಿಕ್ಕಿತು. ಕೋಣಂದೂರು ದಾಟುವವರೆಗೆ ಅವನು ಚೀಟಿಯ ಹಿಂದಿನ ಚಿತ್ರವನ್ನು ನೋಡುತ್ತಿದ್ದ. ನರದ ತುದಿಗಳಲ್ಲಿ ಡಾಕ್ಟರು ಪೆನ್ನಿನಿಂದ ಚುಕ್ಕಿ ಚುಕ್ಕಿ ಇಟ್ಟಿದ್ದರು. ಇದನ್ನೇ ಆಧಾರ ಎಂದು ಪಟ್ಟಿಗೆ ಲಗತ್ತಿಸಿದರೆ? ಯಾರ ಮೊಣಕೈ ಇದು ಎಂದು ಅಧ್ಯಕ್ಷರು ಕೇಳುತ್ತಾರೆ. ನನ್ನದು ಎನ್ನಬೇಕಾಗುತ್ತದೆ. ನಿಮಗೆ ನೋವಾದರೆ ಶಿವರಾಮನಿಗೆ ಕಾಯಿಲೆ ಅಂತ ಹೇಗೆ ಆಗುತ್ತದೆ ರೀ, ಎನ್ನುತ್ತಾರೆ. ಮೊಬೈಲು ತೆಗೆದು ಶಿವರಾಮನ ಹೆಸರು ಹುಡುಕಿದ. ಹತ್ತು ದಿನದ ಹಿಂದೆ ದಶಲಕ್ಷಣ ಪರ್ವ ಮುಗಿದ ಮರುದಿನ, ಕ್ಷಮಾವಣಿಯಂದು, ವರ್ಷದಲ್ಲಿ ತಮ್ಮಿಂದಾದ ತಪ್ಪಿಗೆಲ್ಲ ಎಲ್ಲರಲ್ಲೂ ಕ್ಷಮೆ ಕೇಳುವ ದಿನ, ಅವನು ಮೊಬೈಲಿನಲ್ಲಿದ್ದ ನೂರ ನಲವತ್ತು ಜನರಿಗೂ ಒಂದೇ ಸಂದೇಶ ಕಳಿಸಿದ್ದ. ತಿಳಿದೋ ತಿಳಿಯದೆಯೋ ಮನಸ್ಸು, ಮಾತು, ದೇಹಗಳಿಂದ ನೋಯಿಸಿದ್ದರೆ ಕ್ಷಮಿಸಿ, ಉತ್ತಮ ಕ್ಷಮಾ. ಕೆಳಗೆ ಒಂದು ಕಮಲದ ಚಿತ್ರ. ಗ್ಯಾಸ್ ಏಜೆನ್ಸಿಗೂ ಹೋಗಿತ್ತು. ಶಿವರಾಮನಿಗೂ ಹೋಗಿತ್ತು, ಅವನಿಂದ ಐದೇ ನಿಮಿಷದಲ್ಲಿ ಉತ್ತರ ಬಂದಿತ್ತು. 'ಆಯ್ತು ರಾಜಯ್ಯ.' ಅಷ್ಟೇ. ಆ ದಿನ ಅದನ್ನು ನೋಡಿ ಅವನಿಗೆ ಒಂದು ಗಳಿಗೆ ಹಗುರವಾಗಿತ್ತು. ಈಗ ಮೊಬೈಲನ್ನು ಚೀಲಕ್ಕೆ ಹಾಕಿದ. ಹೊಸನಗರದಲ್ಲಿ ಬಸ್ಸು ನಿಂತಾಗ, ಸಾಗರಕ್ಕೆ ಟಿಕೇಟು ತೆಗೆದಿದ್ದರೂ ಇಳಿದುಬಿಟ್ಟ.

ಶಿವರಾಮ ಮಗಳೊಂದಿಗೆ ಇದ್ದದ್ದು ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ, ಎರಡು ಕೋಣೆಯ ಬಾಡಿಗೆ ಮನೆ. ಜಗಲಿಯಲ್ಲಿ ಗಂಗಾ ಕಾಲಿನ ಹೆಬ್ಬೆರಳುಗಳ ನಡುವೆ ಬಿಳಿ ಮರದ ತುಂಡು ಸಿಕ್ಕಿಸಿಕೊಂಡು ಕೆತ್ತುತ್ತಿದ್ದಳು, ಮೂವತ್ತರ ಆಚೀಚಿನ ಹೆಂಗಸು. ತುಂಡಿನಲ್ಲಿ ಒಂದು ಹಂಸದ ಕತ್ತು ಎದ್ದಿತ್ತು. ಅವನು ಇಪ್ಪತ್ತೆಂಟು ವರ್ಷ ಕೆತ್ತನೆಯನ್ನು ನೋಡಿದ್ದ, ಕೆತ್ತಲು ಬಾರದಿದ್ದರೂ ಕೈ ಯಾರದೆಂದು ಗೊತ್ತಾಗುತ್ತಿತ್ತು. ಆ ಕತ್ತಿನ ತಿರುವು ಶಿವರಾಮನದು, ಆದರೆ ಶಿವರಾಮನದಕ್ಕಿಂತ ಒಂದು ಎಳೆ ಹೆಚ್ಚು ನಾಜೂಕು.

"ಸರ್," ಎಂದು ಅವಳು ಎದ್ದಳು. ಬನ್ನಿ ಎನ್ನಲಿಲ್ಲ. ಒಳಗಿನಿಂದ ಶಿವರಾಮನೇ ಬಂದ. ಕೂದಲು ಪೂರ್ತಿ ಬೆಳ್ಳಗಾಗಿತ್ತು.

"ಓಹೋ, ರಾಜಯ್ಯ. ಬನ್ನಿ ಬನ್ನಿ. ಇದೇನು, ಕೈಯನ್ನ ಎದೆಗವಚಿಕಂಡು ಬರ್ತಾ ಇದೀರಿ, ಮದುಮಗಳ ಹಾಗೆ?"

"ಮೊಣಕೈ ನೋವು, ಶಿವರಾಮಣ್ಣ."

"ಟೆನಿಸ್ಸಾ?"

ಅನಂತರಾಜ ತಲೆಯಾಡಿಸಿದ. ಶಿವರಾಮನ ಮುಖದಲ್ಲಿ ವ್ಯಂಗ್ಯ ಹುಡುಕಿದ, ಸಿಗಲಿಲ್ಲ. ಒಂದೇ ಊರಿನವರು ದೂರದ ಊರಲ್ಲಿ ಸಿಕ್ಕಾಗ ಆಗುವಂಥ ಒಂದು ಬಗೆಯ ಖುಷಿ ಅಲ್ಲಿತ್ತು. ಗಂಗಾ ಒಳಗೆ ಹೋಗಿ ಅವಲಕ್ಕಿ ತಂದಿಟ್ಟಳು. "ಈರುಳ್ಳಿ ಹಾಕಿಲ್ಲ ಸರ್. ಹೊತ್ತು ಮುಳುಗಕ್ಕೆ ಇನ್ನೂ ಅರ್ಧ ಗಂಟೆ ಇದೆ, ತಿಂದ್ಬಿಡಿ," ಎಂದಳು. ತನ್ನ ಈ ನೇಮವನ್ನು ಅವಳು ನೆನಪಿಟ್ಟಿದ್ದಳು ಎಂಬುದನ್ನು ಅವನಿಗೆ ತಡೆದುಕೊಳ್ಳಲಾಗಲಿಲ್ಲ. ಎಡಗೈಯಲ್ಲಿ ತಿನ್ನುವುದು ತಪ್ಪೆಂದು ಬಲಗೈಯಲ್ಲೇ ಚಮಚ ಹಿಡಿದು ಎರಡು ತುತ್ತು ತಿಂದು ಕೆಳಗಿಟ್ಟ.

"ಶಿವರಾಮಣ್ಣ, ನಾನು ಬಂದದ್ದು," ಎಂದು ಶುರುಮಾಡಿದ. "ಆವತ್ತು ಶೆಡ್ಡಲ್ಲಿ ನಾನು ಬರೆದದ್ದು. ಅದಕ್ಕೆ ಕ್ಷಮೆ ಕೇಳ್ಬೇಕು ಅಂತ."

"ಮೊನ್ನೆ ಫೋನಲ್ಲಿ ಕೇಳಿದ್ರಲ್ಲ."

"ಅದು ಎಲ್ಲರಿಗೂ ಕಳ್ಸಿದ್ದು."

"ನಂಗೂ ಬಂತಲ್ಲ. ನಾನು ಅಲ್ಲೇ ಆಯ್ತು ಅಂದೆ," ಎಂದ ಶಿವರಾಮ. "ಎರಡೆರಡು ಸಲ ಎಂತಕ್ಕೆ ಕೇಳೋದು ರಾಜಯ್ಯ. ಕೊಟ್ಟಾಯ್ತು, ತಗಂಡಾಯ್ತು."

ಕೊಟ್ಟಾದ ಮೇಲೆ ಮತ್ತೆ ಕೇಳಿದರೆ ಅವನು ಕೊಟ್ಟದ್ದನ್ನು ನಂಬದಂತೆ. ನಿಜವಾಗಿ ಕೇಳಬೇಕಾದದ್ದಕ್ಕೆ ಒಂದೇ ಒಂದು ಬಾಗಿಲಿತ್ತು, ಅದರ ಬೀಗವನ್ನು ಗ್ಯಾಸ್ ಏಜೆನ್ಸಿಯ ಜೊತೆಗೆ ಸೇರಿಸಿ ತಾನೇ ಹಾಕಿಕೊಂಡಿದ್ದ. ಗಂಗಾ ಕಂಬಕ್ಕೆ ಒರಗಿ ನಿಂತು ಅವನ ಚೀಲವನ್ನು ನೋಡುತ್ತಿದ್ದಳು. ಚೀಲದಿಂದ ಪಟ್ಟಿಯ ಅಂಚು ಹೊರಗೆ ಕಾಣುತ್ತಿತ್ತು.

"ಸೋಮವಾರ ಸಭೆ ಅಲ್ವಾ ಸರ್?" ಎಂದಳು. "ಅಪ್ಪನ ಹೆಸರಿನ ಮುಂದೆ ಏನು ಬರ್ದಿದೀರಿ?"

"ಇನ್ನೂ ಬರೆದಿಲ್ಲ."

"ಕಾಯಿಲೆ ಅಂತ ಬರೀಬಹುದಲ್ಲ?"

"ಬರೀಬಹುದು. ಆಧಾರ ಕೇಳ್ತಾರೆ. ಡಾಕ್ಟ್ರು ಕೊಡಲ್ಲ ಅಂದ್ರು. ಇವತ್ತು ಕೇಳಿದೆ." ಅವನು ಚೀಟಿ ತೆಗೆದು ಚಿತ್ರ ತೋರಿಸಿದ. ನರ, ಒಸರುವುದು, ಪುಡಿ, ಯಾವ ಸ್ಕ್ಯಾನಿನಲ್ಲೂ ಕಾಣದೇ ಇರುವುದು, ಎಲ್ಲವನ್ನೂ ಹೇಳಿದ. ಹೇಳುತ್ತಾ ಹೋದಂತೆ ತನ್ನ ದನಿ ವಕೀಲರದಂತೆ ಆಗುತ್ತಿರುವುದು ಕೇಳಿಸಿತು; ಯಾರ ಪರ ವಕೀಲನೆಂದು ಮಾತ್ರ ತಿಳಿಯಲಿಲ್ಲ. ಶಿವರಾಮ ಚೀಟಿಯನ್ನು ದೂರ ಹಿಡಿದು ನೋಡಿದ. "ಒಳಗೆ ಬೇರಿನ ಹಾಗೆ ಇದೆ ಅನ್ನಿ," ಎಂದ. ಆಮೇಲೆ ಚೀಟಿಯನ್ನು ಪಕ್ಕಕ್ಕಿಟ್ಟು, ಮರದ ತುಂಡಿನಲ್ಲಿ ಗಂಟು ಎಲ್ಲಿದೆ ಎಂದು ನೋಡುವವನ ಹಾಗೆ, ಅನಂತರಾಜನ ಬಲಗೈಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡ. "ಎಲ್ಲಿ? ಇಲ್ಲಲ್ವಾ?"

ಹುಡುಕಲೇ ಇಲ್ಲ. ಹೆಬ್ಬೆರಳು ನೇರವಾಗಿ ಅಲ್ಲಿಗೇ ಹೋಯಿತು. ಹಿಡಿತ ಹೋದ ಕೈ, ಮೆಲ್ಲಗೆ ಒತ್ತಿದ್ದು, ಆದರೂ ಅನಂತರಾಜನ ಕಣ್ಣೊಳಗೆ ಏನೋ ಬಿಳಿಯದು ಉರಿದು ಹೋಯಿತು. ಕೂಗಬೇಕು. ಎದುರಿಗೆ ಹೆಂಗಸೊಬ್ಬಳು ನಿಂತು ನೋಡುತ್ತಿದ್ದಾಳೆ. ಕೈ ಹಿಡಿದವನು ತನ್ನಿಂದ ಎಲ್ಲ ಕಳೆದುಕೊಂಡವನು. ಅವನಿಗೆ ಬೇಜಾರಾಗಬಾರದು, ನಾನು ನಾಟಕವಾಡುತ್ತಿದ್ದೇನೆ ಎನ್ನಿಸಬಾರದು, ಕೈ ಕಿತ್ತುಕೊಳ್ಳಬಾರದು. ಇವೆಲ್ಲ ಒಂದೇ ಕ್ಷಣದಲ್ಲಿ ಬಂದು ಅವನ ಮುಖದ ಮೇಲೆ ಗುಂಪುಗೂಡಿದವು. ಎಲ್ಲಿಗೆ ಹೋಗಬೇಕೆಂದು ತಿಳಿಯದೆ ತುಟಿಗಳು ಎರಡೂ ಕಡೆಗೆ ಅಗಲವಾದವು. ಹಲ್ಲು ಕಂಡವು. ಗಂಟಲಿನಿಂದ ಹೆ ಎಂಬ ಸಣ್ಣ ಸದ್ದೂ ಬಂತು.

ಶಿವರಾಮ ಬೆರಳು ತೆಗೆದ.

"ಬರ್ಕಳಿ ಸರ್," ಎಂದಳು ಗಂಗಾ ಕಂಬದ ಬಳಿಯಿಂದ. "ಮುಟ್ಟಿ ನೋಡಲಾಯಿತು. ಒತ್ತಿದಾಗ ನಕ್ಕರು."

"ಗಂಗಾ," ಎಂದ ಶಿವರಾಮ.

"ಆ ಪುಸ್ತಕದ ಜೆರಾಕ್ಸ್ ತರಿಸಿದೀನಿ ಸರ್. ಬಾಯಿಪಾಠ ಆಗಿದೆ." ಅವಳ ದನಿ ಏರಿರಲಿಲ್ಲ. "ಆವತ್ತು ಅಪ್ಪ ಮನೆಗೆ ಬಂದಾಗ್ಲೂ ಮುಖ ಹೀಗೇ ಇತ್ತು. ಏನೋ ಖುಷಿಯ ಸುದ್ದಿ ಅಂದ್ಕಂಡು ನಾನು ಚಾ ಇಟ್ಟೆ."

ಅನಂತರಾಜ ತುಟಿಗಳನ್ನು ಮುಚ್ಚಲು ನೋಡಿದ. ಅವು ಮುಚ್ಚಿದವು, ಆದರೆ ಕೆನ್ನೆಯಲ್ಲಿ ಅದು ಉಳಿದುಕೊಂಡಿತು. ಪಟ್ಟಿ ತೆಗೆದು ತೊಡೆಯ ಮೇಲಿಟ್ಟುಕೊಂಡ. ಪೆನ್ನಿನ ಮುಚ್ಚಳ ಬರಲಿಲ್ಲ, ಗಂಗಾ ತೆಗೆದುಕೊಟ್ಟಳು. ಕಾರಣ ಎಂಬಲ್ಲಿ 'ನೋವು' ಎಂದು ಬರೆದ. ಕಾಯಿಲೆ ಎನ್ನಲು ತಾನು ಡಾಕ್ಟರಲ್ಲ. ನೋವು ಎನ್ನುವುದಕ್ಕೆ ಡಾಕ್ಟರಾಗಬೇಕಿಲ್ಲ. ಆಧಾರ ಎಂಬಲ್ಲಿ ಪೆನ್ನು ನಿಂತಿತು. ನಿಂತು, ಆ ಖಾಲಿ ಚೌಕದಲ್ಲಿ ಬರೆಯಬಹುದಾದ, ತಾನು ಕಣ್ಣಾರೆ ಕಂಡ, ಇಪ್ಪತ್ತು ಜನ ಕಂಡ ಒಂದೇ ಒಂದು ಸಂಗತಿ ಇರುವುದು ಅವನಿಗೆ ಹೊಳೆಯಿತು. ಅಕ್ಷರಗಳು ಎಂದಿನಂತೆ ದುಂಡಾಗಿ ಬರಲಿಲ್ಲ. ಒತ್ತಿದಾಗ ನಕ್ಕರು. ಕೆಳಗೆ ಸಹಿ ಹಾಕಿದ. ಸೋಮವಾರ ಅಧ್ಯಕ್ಷರು ಇದನ್ನು ಗಟ್ಟಿಯಾಗಿ ಓದುತ್ತಾರೆ. ಏನ್ರೀ ಇದು, ಎನ್ನುತ್ತಾರೆ. ಶೆಡ್ಡು ನಗುತ್ತದೆ. ಆಗ ತಾನು ಎದ್ದು ನಿಂತು ವಿವರಿಸಬೇಕು, ವಿವರಿಸಲು ಬಾಯಿ ತೆರೆದಾಗ ಮುಖದ ಮೇಲೆ ಏನು ಬಂದು ಕೂರುತ್ತದೆಂಬುದು ಅವನಿಗೆ ಈಗಲೇ ಗೊತ್ತಿತ್ತು.

ಗಂಗಾ ಪಟ್ಟಿಯನ್ನು ತೆಗೆದುಕೊಂಡು ಓದಿದಳು. ಬಹಳ ಹೊತ್ತು ಓದಿದಳು, ಇದ್ದದ್ದು ಮೂರೇ ಶಬ್ದವಾದರೂ.

"ಇದು ನಡೆಯತ್ತಾ ಸರ್?"

"ಗೊತ್ತಿಲ್ಲಮ್ಮಾ."

"ಎಂತ ಬರೆದ್ರು?" ಎಂದು ಕೇಳಿದ ಶಿವರಾಮ. ಅವನ ಕನ್ನಡಕ ಒಳಗಿತ್ತು. ಗಂಗಾ ಕಾಗದವನ್ನು ಮಡಚದೆ, ಜೋಪಾನವಾಗಿ, ಅನಂತರಾಜನ ಚೀಲಕ್ಕೆ ಹಾಕಿ, ಚೀಲವನ್ನು ಅವನ ಎಡ ಹೆಗಲಿಗೆ ತಾನೇ ಏರಿಸಿದಳು. ಎಡ ಮೊಣಕೈಯಲ್ಲಿ, ಅದೇ ಜಾಗದಲ್ಲಿ, ಏನೋ ಸಣ್ಣಗೆ ಎದ್ದಂತಾಯಿತು. ಇರಲಿಕ್ಕಿಲ್ಲ, ಎಂದುಕೊಂಡು ಅವನು ಮೆಟ್ಟಿಲಿಳಿದ.